ಓರ್ಕ್‌ಗಳಿಗೂ ದಯೆಯುಂಟೇ? ಜೆ.ಆರ್.ಆರ್. ಟೋಲ್ಕಿನ್ ಅವರ ಬದುಕಿನ ಕಥೆ

1904ನೇ ಇಸವಿಯ ನವೆಂಬರ್ 14. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹತ್ತಿರ ರೆಡ್ನಲ್ ಎಂಬ ಹಳ್ಳಿ. ಅಲ್ಲಿನ ಅಂಚೆಯವನ ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದ ಮೇಬಲ್ ಟೋಲ್ಕಿನ್ ಎಂಬ ವಿಧವೆ ಅಂದು ಕೊನೆಯುಸಿರೆಳೆದರು. ವಯಸ್ಸು ಕೇವಲ 34. ಆಕೆಗಿದ್ದದ್ದು ಸಕ್ಕರೆ ಕಾಯಿಲೆ. ಇನ್ಸುಲಿನ್ ಕಂಡುಹಿಡಿಯಲು ಇನ್ನೂ ಹದಿನೇಳು ವರ್ಷ ಬೇಕಾಗಿತ್ತು. ಆಕೆ ಬಿಟ್ಟುಹೋದ ಆಸ್ತಿ ಎಂದರೆ ಇಬ್ಬರು ಗಂಡುಮಕ್ಕಳು, ಒಬ್ಬನಿಗೆ ಹನ್ನೆರಡು ವರ್ಷ, ಇನ್ನೊಬ್ಬನಿಗೆ ಹತ್ತು.

ಈ ತಾಯಿ ಹುಟ್ಟಿನಿಂದ ಕಥೋಲಿಕರಲ್ಲ. ಪತಿ ಆರ್ಥರ್ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನಿನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದರು. ಹಿರಿಯ ಮಗ ಜಾನ್ ರೊನಾಲ್ಡ್ 1892ರ ಜನವರಿ 3ರಂದು ಹುಟ್ಟಿದ್ದು ಅಲ್ಲೇ. 1895ರಲ್ಲಿ ಮಕ್ಕಳನ್ನು ಕರೆದುಕೊಂಡು ತಾಯಿ ತವರಿಗೆ ಬಂದಿದ್ದಾಗ, ಮರುವರ್ಷದ ಫೆಬ್ರವರಿಯಲ್ಲಿ, ಅತ್ತ ಗಂಡ ಜ್ವರದಿಂದ ತೀರಿಕೊಂಡರು. 1900ರಲ್ಲಿ ಮೇಬಲ್ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅಂದಿನ ಇಂಗ್ಲೆಂಡಿನಲ್ಲಿ ಅದು ಸಣ್ಣ ಮಾತಲ್ಲ. ತವರಿನವರೂ ಗಂಡನ ಕಡೆಯವರೂ ಮುಖ ತಿರುಗಿಸಿದರು. ಖರ್ಚಿಗೆ ಅಷ್ಟಿಷ್ಟು ಕೊಡುತ್ತಿದ್ದ ಸಹೋದರಿಯ ಗಂಡ ಕೈ ಹಿಂದೆಗೆದರು. ಬಡತನದಲ್ಲೇ ನಾಲ್ಕು ವರ್ಷ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಾ, ಗಿಡಮರಗಳ ಹೆಸರು ಹೇಳಿಕೊಡುತ್ತಾ, ದೇವಾಲಯಕ್ಕೆ ಕರೆದೊಯ್ಯುತ್ತಾ ಆಕೆ ಸವೆದುಹೋದರು. ತಾಯಿ ವಿಶ್ವಾಸಕ್ಕಾಗಿಯೇ ಪ್ರಾಣ ತೆತ್ತಳು, ಆಕೆ ಒಬ್ಬ ರಕ್ತಸಾಕ್ಷಿಯೇ ಸರಿ ಎಂದು ಹಿರಿಯ ಮಗ ತನ್ನ ಮುಪ್ಪಿನವರೆಗೂ ನಂಬಿದ್ದ.

ಮಕ್ಕಳನ್ನು ವಿಶ್ವಾಸದಲ್ಲೇ ಬೆಳೆಸಬೇಕೆಂದು ಮೇಬಲ್ ಒಬ್ಬ ಗುರುವನ್ನು ಪೋಷಕರನ್ನಾಗಿ ನೇಮಿಸಿದ್ದರು. ಅವರು ಬರ್ಮಿಂಗ್‌ಹ್ಯಾಮಿನ ಆರೆಟರಿಯ ಫಾದರ್ ಫ್ರಾನ್ಸಿಸ್ ಮಾರ್ಗನ್. 2019ರಲ್ಲಿ ಸಂತ ಪದವಿಗೇರಿದ ಕಾರ್ಡಿನಲ್ ನ್ಯೂಮನ್ ಅವರು ಸ್ಥಾಪಿಸಿದ ಗುರುಗಳ ಮನೆ ಅದು. ತಂದೆಯ ಕಡೆಯಿಂದ ವೇಲ್ಸ್, ತಾಯಿಯ ಕಡೆಯಿಂದ ಸ್ಪೇನ್ ಮೂಲದ, ದೊಡ್ಡ ದನಿಯ, ದೊಡ್ಡ ಮನಸ್ಸಿನ ವ್ಯಕ್ತಿ. ಮೇಬಲ್ ಉಳಿಸಿಟ್ಟದ್ದು ಸಾಲದೆ ಬಂದಾಗ ಯಾರಿಗೂ ತಿಳಿಯದಂತೆ ತಮ್ಮ ಕೈಯಿಂದ ಹಾಕಿ ಹುಡುಗರನ್ನು ಓದಿಸಿದರು.

ಆ ಹಿರಿಯ ಹುಡುಗನೇ ಮುಂದೆ ಜೆ.ಆರ್.ಆರ್. ಟೋಲ್ಕಿನ್ ಎಂದು ಲೋಕಪ್ರಸಿದ್ಧರಾದವರು. 1937ರಲ್ಲಿ ದಿ ಹಾಬಿಟ್, 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ದಿ ಲಾರ್ಡ್ ಆಫ್ ದಿ ರಿಂಗ್ಸ್ ಹೊರಬಂದವು. 2001ರಿಂದ 2003ರವರೆಗೆ ಇದು ಮೂರು ಚಲನಚಿತ್ರಗಳಾಗಿ ಬಂದ ಮೇಲೆ ಪುಸ್ತಕ ಮುಟ್ಟದ ಮಕ್ಕಳಿಗೂ ಫ್ರೋಡೊ, ಗ್ಯಾಂಡಾಲ್ಫ್ ಎಂದರೆ ಗೊತ್ತು. ಕೋರೆಹಲ್ಲಿನ ರಾಕ್ಷಸರು, ಗಂಧರ್ವರಂಥ ಚೆಲುವರು, ಗಡ್ಡದ ಕುಳ್ಳರು, ನಡೆದಾಡುವ ಮರಗಳು, ಇದೆಲ್ಲ ನಮ್ಮ ಮಕ್ಕಳಿಗೆ ಏಕೆ ಎಂದು ಹುಬ್ಬು ಗಂಟಿಕ್ಕಿದ ತಂದೆತಾಯಿಯರೂ ಇದ್ದಾರೆ. ಹುಬ್ಬು ಗಂಟಿಕ್ಕುವ ಮೊದಲು ಈ ಜನಾಂಗಗಳು ಎಲ್ಲಿಂದ ಬಂದವು ಎಂದು ತಿಳಿಯುವುದು ಒಳ್ಳೆಯದು. ಅವು ಶೂನ್ಯದಿಂದ ಬಂದವಲ್ಲ. ಶೂನ್ಯದಿಂದ ಸೃಷ್ಟಿಸುವವನು ದೇವರೊಬ್ಬನೇ, ಮನುಷ್ಯ ಆತನ ಸೃಷ್ಟಿಯಿಂದಲೇ ಎತ್ತಿ, ಬೆರೆಸಿ, ಹೊಸದಾಗಿ ಕಟ್ಟುವ ಉಪಸೃಷ್ಟಿಕರ್ತ ಮಾತ್ರ ಎಂಬುದು ಟೋಲ್ಕಿನ್ ಅವರ ದೃಢವಾದ ಅಭಿಪ್ರಾಯವಾಗಿತ್ತು.

ಮೊದಲು ಹಾಬಿಟ್‌ಗಳ ಮಾತು. ಗಂಡ ಸತ್ತ ವರ್ಷವೇ ಮೇಬಲ್ ಮಕ್ಕಳೊಂದಿಗೆ ಸೇರ್‌ಹೋಲ್ ಎಂಬ ಹಳ್ಳಿಗೆ ಬಂದು ನಾಲ್ಕು ವರ್ಷ ಅಲ್ಲಿದ್ದರು. ಹೊಳೆ, ಹೊಳೆಯ ನೀರಿಗೆ ತಿರುಗುವ ಗಿರಣಿ, ಹೂವಿನ ತೋಟಗಳು, ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರುವ ಜನ. ಗಿರಣಿಯವನ ಮಗ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಮಕ್ಕಳನ್ನು ಗದರಿಸುತ್ತಿದ್ದ. ಅಣ್ಣತಮ್ಮಂದಿರು ಅವನಿಗೆ ಬಿಳಿ ರಾಕ್ಷಸ ಎಂದು ಹೆಸರಿಟ್ಟರು. ಅಣಬೆ ಕಿತ್ತದ್ದಕ್ಕೆ ರೊನಾಲ್ಡನನ್ನು ಅಟ್ಟಿಸಿಕೊಂಡು ಬಂದ ಮುದುಕ ರೈತ ಕರಿ ರಾಕ್ಷಸನಾದ. ಕಥೆಯಲ್ಲಿ ಫ್ರೋಡೊ ಕೂಡ ಚಿಕ್ಕಂದಿನಲ್ಲಿ ಅಣಬೆ ಕದ್ದು ರೈತನೊಬ್ಬನ ನಾಯಿಗಳಿಂದ ಓಡಿಸಿಕೊಂಡವನೇ! ಸುಮಾರು 1930ರಲ್ಲಿ, ಸಂಸಾರದ ಖರ್ಚಿಗೆ ನಾಲ್ಕು ಕಾಸು ಸೇರಲೆಂದು ಪ್ರೊಫೆಸರ್ ಟೋಲ್ಕಿನ್ ಶಾಲಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ಒಬ್ಬ ವಿದ್ಯಾರ್ಥಿ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದ. ಬೇಸತ್ತ ಮೇಷ್ಟ್ರು ಅದರ ಮೇಲೆ, ನೆಲದೊಳಗಿನ ಬಿಲದಲ್ಲಿ ಒಬ್ಬ ಹಾಬಿಟ್ ಇದ್ದ ಎಂಬರ್ಥದ ಒಂದು ಸಾಲು ಗೀಚಿದರು. ಹಾಬಿಟ್ ಎಂದರೇನು ಎಂದು ಅವರಿಗೇ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಆ ಹಳ್ಳಿಯ ಜನವೇ. ಗಿಡ್ಡ ದೇಹ, ದೊಡ್ಡ ಹೊಟ್ಟೆ, ತೋಟದ ಪ್ರೀತಿ, ಸರಳ ಊಟ, ತಂಬಾಕಿನ ಕೊಳವೆ, ಯಂತ್ರಗಳೆಂದರೆ ದೂರ. ಎತ್ತರವೊಂದನ್ನು ಬಿಟ್ಟರೆ ತಾವೇ ಒಬ್ಬ ಹಾಬಿಟ್ ಎಂದು ಅವರು ಒಪ್ಪಿಕೊಳ್ಳುತ್ತಿದ್ದರು. ಕಥಾನಾಯಕ ಬಿಲ್ಬೋನ ಮನೆಗೆ ಇಟ್ಟ ಹೆಸರು ಅವರ ಚಿಕ್ಕಮ್ಮನ ತೋಟದ ಮನೆಯದು. ಪುಸ್ತಕದ ಋಣವೂ ಇತ್ತು. 1927ರಲ್ಲಿ ವೈಕ್ ಸ್ಮಿತ್ ಎಂಬವರು ಬರೆದ ಸ್ನೆರ್ಗ್ ಎಂಬ ಗಿಡ್ಡ ಜನರ ಕಥೆಯನ್ನು ಟೋಲ್ಕಿನ್ ತಮ್ಮ ಮಕ್ಕಳಿಗೆ ಓದಿ ಹೇಳಿದ್ದರು. ಗೊತ್ತಿಲ್ಲದಂತೆಯೇ ಅದು ತಮ್ಮೊಳಗೆ ಇಳಿದಿರಬಹುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಹಾಬಿಟ್‌ಗಳಲ್ಲಿ ನನಗೆ ಅತ್ಯಂತ ಪ್ರಿಯನಾದವನು ತೋಟದ ಆಳು ಸ್ಯಾಮ್. ಅವನ ಮನೆತನದ ಹೆಸರು ಗ್ಯಾಮ್ಜಿ, ಬರ್ಮಿಂಗ್‌ಹ್ಯಾಮಿನಲ್ಲಿ ಗಾಯಕ್ಕೆ ಕಟ್ಟುವ ಹತ್ತಿಯ ಹೆಸರು. ಅದನ್ನು ರೂಪಿಸಿದ ಶಸ್ತ್ರವೈದ್ಯರಿಂದ ಬಂದದ್ದು. ಆದರೆ ಅವನ ಗುಣ ಬಂದದ್ದು ಬೇರೆ ಕಡೆಯಿಂದ, ಮೊದಲ ಮಹಾಯುದ್ಧದ ಕಂದಕಗಳಿಂದ. ಅಲ್ಲಿಗೆ ಆಮೇಲೆ ಹೋಗೋಣ.

ಎಲ್ಫ್‌ಗಳು ಹುಟ್ಟಿದ್ದು ಕಿವಿಯಿಂದ ಎಂದರೆ ತಪ್ಪಾಗದು. ಸೇರ್‌ಹೋಲ್ ಬಿಟ್ಟ ಮೇಲೆ ಮೇಬಲ್ ಬಾಡಿಗೆಗೆ ಹಿಡಿದ ಒಂದು ಮನೆಯ ಹಿಂದೆ ರೈಲು ಹಳಿ ಇತ್ತು. ವೇಲ್ಸ್ ನಾಡಿನಿಂದ ಬರುವ ಕಲ್ಲಿದ್ದಲಿನ ಗಾಡಿಗಳ ಮೇಲೆ ಬರೆದಿದ್ದ ಊರ ಹೆಸರುಗಳನ್ನು ಹುಡುಗ ಬೆರಗಾಗಿ ಓದುತ್ತಿದ್ದ. ಅರ್ಥ ತಿಳಿಯದಿದ್ದರೂ ಆ ಅಕ್ಷರಗಳ ಇಂಪು ಮನಸ್ಸಿನಲ್ಲಿ ನಿಂತಿತು. ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿಗೆ ಸೇರಿದ ಮೇಲೆ ಅಲ್ಲಿನ ಗ್ರಂಥಾಲಯದಲ್ಲಿ ಫಿನ್ಲೆಂಡಿನ ಭಾಷೆಯ ಒಂದು ವ್ಯಾಕರಣ ಸಿಕ್ಕಿತು. ತರುಣನಿಗೆ ಅದು ಅಮಲೇರಿಸಿತು. ಆ ನಾಡಿನ ಜನಪದ ಮಹಾಕಾವ್ಯ ಕಾಲೆವಾಲವನ್ನು ಮೂಲದಲ್ಲಿ ಓದಲು ಹೆಣಗಾಡಿದರು. ಮುಂದೆ ಎಲ್ಫ್‌ಗಳಿಗಾಗಿ ಅವರು ಕಟ್ಟಿದ ಎರಡು ಭಾಷೆಗಳಲ್ಲಿ ಕ್ವೆನ್ಯಾ ಫಿನ್ನಿಶ್ ಭಾಷೆಯ ನಾದವನ್ನೂ ಸಿಂಡರಿನ್ ವೆಲ್ಷ್ ಭಾಷೆಯ ನಾದವನ್ನೂ ಹೊತ್ತಿವೆ. ಲೋಕದ ರೂಢಿ ಎಂದರೆ ಕಥೆ ಬರೆದು ಅದಕ್ಕೆ ಹೆಸರು ಹುಡುಕುವುದು. ಇವರು ಮೊದಲು ಭಾಷೆ ಕಟ್ಟಿ, ಅದನ್ನು ಮಾತಾಡುವವರು ಬೇಕಲ್ಲ ಎಂದು ಜನರನ್ನು ಹುಡುಕಿದರು!

ಎಲ್ಫ್ ಎಂಬ ಪದ ಹಳೆಯದು. ಆದರೆ ಅವರ ಕಾಲಕ್ಕೆ ಅದು ಹೂವಿನ ಬಟ್ಟಲಲ್ಲಿ ಮಲಗುವ ರೆಕ್ಕೆಯ ಪುಟಾಣಿಗಳ ಹೆಸರಾಗಿ ಇಳಿದುಹೋಗಿತ್ತು. ತರುಣ ಟೋಲ್ಕಿನ್ ಸಹ 1915ರಲ್ಲಿ ಅಂಥದ್ದೊಂದು ಪದ್ಯ ಬರೆದು ಪ್ರಕಟಿಸಿ, ಆಮೇಲೆ ಜೀವನವಿಡೀ ನಾಚಿಕೊಂಡರು. ಐಸ್‌ಲೆಂಡಿನ ಪುರಾತನ ಗ್ರಂಥಗಳಲ್ಲೂ ಹಳೆಯ ಇಂಗ್ಲಿಷಿನಲ್ಲೂ ಎಲ್ಫ್‌ಗಳು ಮನುಷ್ಯರ ಎತ್ತರದವರು, ತೇಜಸ್ಸುಳ್ಳವರು, ಭಯಹುಟ್ಟಿಸುವವರು. ಆ ಘನತೆಯನ್ನು ಟೋಲ್ಕಿನ್ ಮರಳಿ ಕೊಟ್ಟರು.

ಆ ಚೆಲುವಿಗೆ ಒಂದು ನಿಜವಾದ ಮುಖವೂ ಇತ್ತು. ಹದಿನಾರರ ವಯಸ್ಸಿನಲ್ಲಿ ಟೋಲ್ಕಿನ್ ತಮ್ಮಂತೆಯೇ ಅನಾಥೆಯಾಗಿದ್ದ, ತಮಗಿಂತ ಮೂರು ವರ್ಷ ಹಿರಿಯಳಾದ ಈಡಿತ್ ಬ್ರ್ಯಾಟ್ ಅವರನ್ನು ಪ್ರೀತಿಸಿದರು. ಓದು ಕೆಡುವುದನ್ನು ಕಂಡ ಫಾದರ್ ಫ್ರಾನ್ಸಿಸ್, ಇಪ್ಪತ್ತೊಂದು ತುಂಬುವ ತನಕ ಆಕೆಯನ್ನು ನೋಡಬಾರದು, ಪತ್ರವನ್ನೂ ಬರೆಯಬಾರದು ಎಂದು ಅಪ್ಪಣೆ ಮಾಡಿದರು. ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ವಿಧೇಯನಾದ. ಇಪ್ಪತ್ತೊಂದು ತುಂಬಿದ ದಿನವೇ, 1913ರ ಜನವರಿ 3ರಂದು, ಪತ್ರ ಬರೆದ. ಉತ್ತರ ಬಂತು: ಆಕೆಗೆ ಬೇರೆಡೆ ನಿಶ್ಚಿತಾರ್ಥವಾಗಿದೆ! ಐದು ದಿನದಲ್ಲಿ ರೈಲು ಹತ್ತಿ ಹೋಗಿ ಮಾತಾಡಿದ. ಆಕೆ ಉಂಗುರವನ್ನು ಹಿಂದಿರುಗಿಸಿದರು. ಅದೇ ವರ್ಷ ಈಡಿತ್ ಕಥೋಲಿಕ ಸಭೆಗೆ ಸೇರುವ ನಿರ್ಧಾರ ತಿಳಿಸಿದಾಗ ಆಶ್ರಯ ಕೊಟ್ಟಿದ್ದ ಮನೆಯವರು ಹೊರಗೆ ಹೋಗೆಂದರು. ಮೇಬಲ್ ಕಥೆಯೇ ಮತ್ತೊಮ್ಮೆ ನಡೆದಂತಾಯಿತು. 1916ರ ಮಾರ್ಚ್ 22ರಂದು ವಾರ್ವಿಕ್ ಪಟ್ಟಣದ ಕಥೋಲಿಕ ದೇವಾಲಯದಲ್ಲಿ ಮದುವೆ ನಡೆಯಿತು. ಮರುವರ್ಷ ಯಾರ್ಕ್‌ಶೈರಿನ ರೂಸ್ ಎಂಬ ಊರಿನ ಕಾಡಿನಲ್ಲಿ, ಬಿಳಿ ಹೂಗಳ ನಡುವೆ, ಕಪ್ಪು ಕೂದಲಿನ ಆ ಪತ್ನಿ ಗಂಡನಿಗಾಗಿ ಹಾಡಿ ಕುಣಿದರು. ಎಲ್ಫ್ ರಾಜಕುಮಾರಿ ಲೂಥಿಯೆನ್ ಹುಟ್ಟಿದ್ದು ಆ ಗಳಿಗೆಯಲ್ಲಿ. ಮನುಷ್ಯನಾದ ಬೆರೆನ್‌ನನ್ನು ಪ್ರೀತಿಸಿ ತನ್ನ ಅಮರತ್ವವನ್ನೇ ಬಿಟ್ಟುಕೊಡುವವಳು ಆಕೆ.

ಎಲ್ಫ್ ರಾಣಿ ಗಲಾಡ್ರಿಯೆಲ್ ವಿಷಯವನ್ನೂ ಹೇಳಿಬಿಡಬೇಕು. ಪುಸ್ತಕ ಅಚ್ಚಾಗುವ ಮೊದಲೇ ಓದಿದ ಸ್ನೇಹಿತ, ಯೇಸುಸಭೆಯ ರಾಬರ್ಟ್ ಮರ್ರಿ ಅವರಿಗೆ ಆಕೆಯಲ್ಲಿ ಮಾತೆ ಮರಿಯಮ್ಮನವರ ನೆರಳು ಕಂಡಿತು. 1953ರ ಡಿಸೆಂಬರಿನಲ್ಲಿ ಟೋಲ್ಕಿನ್ ಬರೆದ ಉತ್ತರದಲ್ಲಿ ಅದನ್ನು ಅಲ್ಲಗಳೆಯಲಿಲ್ಲ. ಸೌಂದರ್ಯದ ಬಗ್ಗೆ, ಘನತೆ ಮತ್ತು ಸರಳತೆಯ ಬಗ್ಗೆ ತಮ್ಮ ಅಲ್ಪ ತಿಳಿವೆಲ್ಲ ಆ ಮಾತೆಯ ಮೇಲೆಯೇ ನಿಂತಿದೆ ಎಂದರು. ಆದರೆ ಗಲಾಡ್ರಿಯೆಲ್ ಮರಿಯಮ್ಮನವರಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆಕೆ ಒಮ್ಮೆ ದಂಗೆಯೆದ್ದು, ಪಶ್ಚಾತ್ತಾಪಪಟ್ಟು ತಿರುಗಿಬಂದವಳು ಎಂದು ಮುಪ್ಪಿನಲ್ಲಿ ಸ್ಪಷ್ಟಪಡಿಸಿದರು. ಎಲ್ಫ್‌ಗಳು ದಾರಿಯ ಬುತ್ತಿಗೆ ಕೊಡುವ ತೆಳುವಾದ ರೊಟ್ಟಿ, ಹಸಿವಿಗಿಂತ ಮನೋಬಲಕ್ಕೆ ಹೆಚ್ಚು ಊಟವಾಗುವ ಆ ರೊಟ್ಟಿ, ಯಾವುದನ್ನು ನೆನಪಿಸುತ್ತದೆ ಎಂದು ಪರಮಪ್ರಸಾದ ಸ್ವೀಕರಿಸುವವರಿಗೆ ಹೇಳಬೇಕಾಗಿಲ್ಲ.

ಮದುವೆಯಾಗಿ ಮೂರು ತಿಂಗಳೂ ತುಂಬುವ ಮೊದಲೇ ಟೋಲ್ಕಿನ್ ಫ್ರಾನ್ಸಿನ ರಣರಂಗಕ್ಕೆ ಹೋದರು. 1916ರ ಜುಲೈ 1ರಂದು ಆರಂಭವಾದ ಸೋಮ್ ಯುದ್ಧದ ಮೊದಲ ದಿನವೇ ಬ್ರಿಟಿಷರ ಕಡೆ 19,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಟೋಲ್ಕಿನ್ ಅವರ ಶಾಲಾ ಗೆಳೆಯ ರಾಬ್ ಗಿಲ್ಸನ್ ಒಬ್ಬರು. ಡಿಸೆಂಬರಿನಲ್ಲಿ ಇನ್ನೊಬ್ಬ ಗೆಳೆಯ ಜೆಫ್ರಿ ಸ್ಮಿತ್ ಹೋದರು. ಟೋಲ್ಕಿನ್ ಸಂದೇಶ ವ್ಯವಸ್ಥೆಯ ಅಧಿಕಾರಿಯಾಗಿದ್ದರು. ಕೆಸರಿನಲ್ಲಿ, ಹೆಣಗಳ ನಡುವೆ, ಸಾಮಾನ್ಯ ಸಿಪಾಯಿಗಳು ಗೊಣಗದೆ ಕರ್ತವ್ಯ ಮಾಡುವುದನ್ನು ನೋಡಿ ಇವರು ತಮಗಿಂತ ಎಷ್ಟೋ ಮೇಲು ಎಂದುಕೊಂಡರು. ಸ್ಯಾಮ್ ಅವರಿಂದಲೇ ಬಂದವನು. ಅಲ್ಲಿಯೇ ಇನ್ನೊಂದು ಸಣ್ಣ ಘಟನೆ ನಡೆಯಿತು. ಸೆರೆಸಿಕ್ಕ ಗಾಯಾಳು ಜರ್ಮನ್ ಅಧಿಕಾರಿಯೊಬ್ಬನಿಗೆ ಟೋಲ್ಕಿನ್ ಕುಡಿಯಲು ನೀರು ಕೊಟ್ಟು ಜರ್ಮನ್ ಭಾಷೆಯಲ್ಲಿ ಮಾತಾಡಿಸಿದರು. ಆತ ಇವರ ಉಚ್ಚಾರಣೆಯನ್ನು ತಿದ್ದಿದ! ಭಾಷಾಪ್ರೇಮಿ ಮೇಷ್ಟ್ರಿಗೆ ಅದು ಮರೆಯುವಂಥದ್ದಲ್ಲ. ಕೊನೆಗೆ ಹೇನಿನಿಂದ ಹರಡುವ ಕಂದಕ ಜ್ವರ ಹಿಡಿದು ನವೆಂಬರಿನಲ್ಲಿ ಅವರನ್ನು ಇಂಗ್ಲೆಂಡಿಗೆ ಸಾಗಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಬರೆಯತೊಡಗಿದ ಮೊದಲ ಕಥೆಗಳಲ್ಲೇ ಎಲ್ಫ್‌ಗಳ ನಗರವೊಂದನ್ನು ಸುಟ್ಟುಹಾಕುವ ಓರ್ಕ್‌ಗಳು ಕಾಣಿಸಿಕೊಳ್ಳುತ್ತಾರೆ.

ಓರ್ಕ್ ಎಂಬ ಹೆಸರು ಎಲ್ಲಿಯದು? ಹಳೆಯ ಇಂಗ್ಲಿಷಿನ ಬೇವುಲ್ಫ್ ಎಂಬ ವೀರಕಾವ್ಯವನ್ನು ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ದಶಕಗಳ ಕಾಲ ಪಾಠ ಮಾಡಿದರು. ಅದನ್ನು ಬರೆದ ಕವಿ ಕ್ರೈಸ್ತ. ಅದರಲ್ಲಿ ಒಂದು ಕಡೆ, ತಮ್ಮ ಆಬೇಲನನ್ನು ಕೊಂದ ಕಾಯಿನನ ಸಂತಾನವಾಗಿ ದೈತ್ಯರು, ಎಲ್ಫ್‌ಗಳು, ಓರ್ಕ್ ಎಂಬ ಪದದಿಂದ ಕರೆಯಲ್ಪಟ್ಟ ಪ್ರೇತಗಳು ಹುಟ್ಟಿದವು ಎಂದು ಬರುತ್ತದೆ. ಎಲ್ಫ್ ಮತ್ತು ಓರ್ಕ್ ಒಂದೇ ಸಾಲಿನಲ್ಲಿ, ಒಂದೇ ಶಾಪದ ಮಕ್ಕಳು! ಟೋಲ್ಕಿನ್ ಎಲ್ಫ್‌ಗಳನ್ನು ಆ ಶಾಪದಿಂದ ಬಿಡಿಸಿ ದೇವರ ಚೊಚ್ಚಲ ಮಕ್ಕಳನ್ನಾಗಿ ಮಾಡಿದರು. ಓರ್ಕ್‌ಗಳನ್ನು ಅಲ್ಲೇ ಬಿಟ್ಟರು. ಅವರ ರೂಪಕ್ಕೆ, ನೆಲದಡಿಯ ಸುರಂಗಗಳ ವಾಸಕ್ಕೆ, ಬಾಲ್ಯದಲ್ಲಿ ಓದಿದ ಜಾರ್ಜ್ ಮೆಕ್‌ಡೊನಾಲ್ಡ್ ಅವರ 1872ರ ಮಕ್ಕಳ ಕಾದಂಬರಿಯ ಗಾಬ್ಲಿನ್‌ಗಳು ನೆರವಾದರು. ಮೆಕ್‌ಡೊನಾಲ್ಡರ ಗಾಬ್ಲಿನ್‌ಗಳಿಗೆ ಪಾದ ಮೃದು, ತುಳಿದರೆ ಸೋಲುತ್ತವೆ. ಅದನ್ನು ಮಾತ್ರ ತಾವು ಎಂದೂ ನಂಬಲಿಲ್ಲ ಎಂದು ಟೋಲ್ಕಿನ್ ಹೇಳುತ್ತಿದ್ದರು.

ಕುಳ್ಳರಾದ ಡ್ವಾರ್ಫ್‌ಗಳ ಹೆಸರುಗಳನ್ನು ಅವರು ಐಸ್‌ಲೆಂಡಿನ ವೊಲುಸ್ಪಾ ಎಂಬ ಪ್ರಾಚೀನ ಕಾವ್ಯದ ಪಟ್ಟಿಯೊಂದರಿಂದ ಎತ್ತಿಕೊಂಡರು. ಥೋರಿನ್, ಡುರಿನ್, ಬೊಂಬುರ್ ಎಲ್ಲರೂ ಅಲ್ಲಿದ್ದಾರೆ. ಮಾಂತ್ರಿಕ ಗ್ಯಾಂಡಾಲ್ಫನ ಹೆಸರೂ ಅದೇ ಪಟ್ಟಿಯದು! ಮೊದಲಿಗೆ ಇವರು ಚಿನ್ನದ ಆಸೆಯ, ಸ್ವಲ್ಪ ನಗೆಪಾಟಲಿನ ಜನ. ಬರೆಯುತ್ತಾ ಹೋದಂತೆ ಟೋಲ್ಕಿನ್ ಅವರಿಗೆ ಇವರಲ್ಲಿ ಯೆಹೂದ್ಯರು ಕಾಣತೊಡಗಿದರು. ತಾಯ್ನಾಡನ್ನು ಕಳೆದುಕೊಂಡವರು, ಇದ್ದ ನಾಡಿನಲ್ಲಿ ಒಳಗಿನವರೂ ಹೌದು ಹೊರಗಿನವರೂ ಹೌದು, ಊರವರ ಭಾಷೆಯನ್ನು ತಮ್ಮದೇ ದಾಟಿಯಲ್ಲಿ ಆಡುವವರು. ಡ್ವಾರ್ಫ್‌ಗಳ ಗುಪ್ತ ಭಾಷೆಯನ್ನು ಅವರು ಹೀಬ್ರೂ ಮೊದಲಾದ ಭಾಷೆಗಳ ಅಚ್ಚಿನಲ್ಲಿ ಎರಕ ಹೊಯ್ದರು. ಈ ಹೋಲಿಕೆಯಲ್ಲಿ ಚಿನ್ನದಾಸೆಯ ಹಳೆಯ ಪೂರ್ವಗ್ರಹವೂ ನುಸುಳಿದೆ ಎಂದು ಕೆಲವರು ಹೇಳುತ್ತಾರೆ. ಆ ಮಾತು ಪೂರ್ತಿ ತಪ್ಪೆಂದು ನನಗೆ ತೋರುವುದಿಲ್ಲ. ಆದರೆ 1938ರಲ್ಲಿ ನಡೆದದ್ದನ್ನೂ ನೆನೆಯಬೇಕು. ಹಿಟ್ಲರನ ಜರ್ಮನಿಯ ಪ್ರಕಾಶನ ಸಂಸ್ಥೆಯೊಂದು ದಿ ಹಾಬಿಟ್ ಅನುವಾದಿಸಲು ಮುಂದೆ ಬಂದು, ಲೇಖಕರು ಆರ್ಯ ವಂಶದವರೇ ಎಂದು ಖಚಿತಪಡಿಸಿ ಎಂದು ಕೇಳಿತು. ಟೋಲ್ಕಿನ್ ಸಿಟ್ಟಾಗಿ ಕರಡು ಉತ್ತರ ಬರೆದರು. ನಿಮ್ಮ ಪ್ರಶ್ನೆ ಯೆಹೂದ್ಯರ ಕುರಿತಾಗಿದ್ದರೆ, ಪ್ರತಿಭಾವಂತರಾದ ಆ ಜನರಲ್ಲಿ ನನಗೆ ಪೂರ್ವಜರು ಇಲ್ಲದಿರುವುದಕ್ಕೆ ವಿಷಾದಿಸುತ್ತೇನೆ ಎಂಬುದು ಅದರ ಸಾರ. ಜರ್ಮನ್ ಅನುವಾದ ಹೊರಬಂದದ್ದು ಹಿಟ್ಲರ್ ಹೋದ ಎಷ್ಟೋ ವರ್ಷಗಳ ನಂತರ, 1957ರಲ್ಲಿ.

ಡ್ವಾರ್ಫ್‌ಗಳು ಸೃಷ್ಟಿಯಾದ ಕಥೆಯೊಂದಿದೆ. ಲೇಖಕರ ಮರಣಾನಂತರ, 1977ರಲ್ಲಿ ಮಗ ಕ್ರಿಸ್ಟೋಫರ್ ಹೊರತಂದ ದಿ ಸಿಲ್ಮರಿಲಿಯನ್‌ನಲ್ಲಿ ಅದು ಬರುತ್ತದೆ. ದೇವದೂತನಂಥ ಶಿಲ್ಪಿ ಔಲೆ, ದೇವರ ಮಕ್ಕಳು ಹುಟ್ಟುವವರೆಗೆ ಕಾಯಲಾರದೆ, ಕಲಿಸಲು ಶಿಷ್ಯರು ಬೇಕೆಂದು ತಾನೇ ಗುಟ್ಟಾಗಿ ಏಳು ಡ್ವಾರ್ಫ್‌ಗಳನ್ನು ರೂಪಿಸುತ್ತಾನೆ. ದೇವರು ಕೇಳುತ್ತಾನೆ, ಇವರಿಗೆ ನೀನು ಜೀವ ಕೊಡಬಲ್ಲೆಯಾ, ನೀನು ನೆನೆದಾಗ ಮಾತ್ರ ಅಲುಗುವ ಗೊಂಬೆಗಳಲ್ಲವೇ ಇವು ಎಂದು. ಔಲೆ ಕಣ್ಣೀರಿಟ್ಟು, ಅವರನ್ನು ಒಡೆದುಹಾಕಲು ಸುತ್ತಿಗೆ ಎತ್ತುತ್ತಾನೆ. ಆಗ ಆ ಕುಳ್ಳರು ಹೆದರಿ ಕುಗ್ಗಿ ದಯೆ ಬೇಡುತ್ತಾರೆ. ಗೊಂಬೆಗಳು ಹೆದರುವುದುಂಟೇ? ಆತನ ದೀನತೆಯನ್ನು ಕಂಡ ದೇವರು ಅಷ್ಟರಲ್ಲಿ ಅವರಿಗೆ ಸ್ವಂತ ಜೀವ ಕೊಟ್ಟು ತನ್ನ ದತ್ತು ಮಕ್ಕಳನ್ನಾಗಿ ಸ್ವೀಕರಿಸಿಯಾಗಿತ್ತು. ಅಬ್ರಹಾಮನು ಇಸಾಕನ ಮೇಲೆ ಎತ್ತಿದ ಕತ್ತಿ ಯಾರಿಗೆ ನೆನಪಾಗುವುದಿಲ್ಲ?

ನಡೆದಾಡುವ ಮರಗಳಾದ ಎಂಟ್‌ಗಳ ಕಥೆ ಚಿಕ್ಕದು. ಶಾಲೆಯಲ್ಲಿ ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಓದುವಾಗ ಕಾಡು ನಡೆದು ಬರುತ್ತದೆ ಎಂದು ಹುಡುಗ ಆಸೆಯಿಂದ ಕಾದಿದ್ದ. ಬಂದದ್ದು ಕೊಂಬೆ ಹಿಡಿದ ಸೈನಿಕರು! ಆ ನಿರಾಶೆ ನಲವತ್ತು ವರ್ಷ ಕಳೆದರೂ ಆರಲಿಲ್ಲ. ನಿಜವಾಗಿ ಮರಗಳೇ ಯುದ್ಧಕ್ಕೆ ಹೊರಡುವಂತೆ ಮಾಡಿ ತೀರಿಸಿಕೊಂಡರು. ಎಂಟ್ ಎಂಬುದು ದೈತ್ಯನಿಗೆ ಹಳೆಯ ಇಂಗ್ಲಿಷಿನ ಪದ. ಎಂಟ್‌ಗಳ ಹಿರಿಯ ಟ್ರೀಬಿಯರ್ಡ್‌ಗೆ ಕೊಟ್ಟ ಗಂಭೀರ ಗುಡುಗಿನ ಧ್ವನಿ ಗೆಳೆಯ ಸಿ.ಎಸ್. ಲೂಯಿಸ್ ಅವರದು.

ಓರ್ಕ್‌ಗಳ ಮಾತಿಗೆ ಮತ್ತೆ ಬರೋಣ. ಏಕೆಂದರೆ ಟೋಲ್ಕಿನ್ ಅವರನ್ನು ನಿದ್ದೆಗೆಡಿಸಿದ್ದು ಅವರೇ. ಮೊದಲ ಕಥೆಗಳಲ್ಲಿ ಸೈತಾನನಂಥ ಮೆಲ್ಕೊರ್ ನೆಲದಡಿಯ ಕಾವು ಮತ್ತು ಲೋಳೆಯಿಂದ ಓರ್ಕ್‌ಗಳನ್ನು ಮಾಡಿದ ಎಂದು ಬರೆದಿದ್ದರು. ವಯಸ್ಸು ಮಾಗಿದಂತೆ ಅದು ಅವರ ವಿಶ್ವಾಸಕ್ಕೆ ಒಪ್ಪದಾಯಿತು. ಕೆಡುಕಿಗೆ ತನ್ನದೇ ಆದ ಇರವಿಲ್ಲ, ಅದು ಒಳಿತಿನ ಕೊರತೆ ಎಂದು ಸಂತ ಅಗುಸ್ತೀನರಿಂದ ಧರ್ಮಸಭೆ ಕಲಿತಿದೆ. ಹಾಗಾದರೆ ಸೈತಾನನು ಜೀವ ಕೊಡಲಾರ, ಇರುವುದನ್ನು ಕೆಡಿಸಬಲ್ಲ ಅಷ್ಟೇ. ದಿ ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಫ್ರೋಡೊ ಸ್ಯಾಮ್‌ಗೆ ಇದನ್ನೇ ಹೇಳುತ್ತಾನೆ. ಸರಿ, ಕೆಡಿಸಿದ್ದು ಯಾರನ್ನು? ಸೆರೆಹಿಡಿದ ಎಲ್ಫ್‌ಗಳನ್ನು ಚಿತ್ರಹಿಂಸೆಯಿಂದ ಓರ್ಕ್‌ಗಳನ್ನಾಗಿ ಮಾಡಿದ ಎಂದು ಒಮ್ಮೆ ಬರೆದರು. ಬೇವುಲ್ಫ್ 한ದೇ ಸಾಲಿನಲ್ಲಿಟ್ಟಿದ್ದ ಇಬ್ಬರೂ ಮತ್ತೆ ಒಂದೇ ರಕ್ತವಾದರು! ಅಲ್ಲ, ಮನುಷ್ಯರನ್ನೇ ಕೆಡಿಸಿದ್ದು ಎಂದು ಆಮೇಲೆ ತಿದ್ದಿದರು. ಇಲ್ಲ, ಮಾತು ಕಲಿಸಿದ ಪ್ರಾಣಿಗಳು ಎಂದು ಇನ್ನೊಮ್ಮೆ. ಆದರೆ ಪುಸ್ತಕದ ಓರ್ಕ್‌ಗಳು ಗೊಂಬೆಗಳಲ್ಲ, ಪ್ರಾಣಿಗಳೂ ಅಲ್ಲ. ಮೇಲಧಿಕಾರಿಗಳನ್ನು ಬೈಯುತ್ತಾರೆ, ಯುದ್ಧ ಮುಗಿದ ಮೇಲೆ ನಾಲ್ಕು ನಂಬಿಕಸ್ತರೊಂದಿಗೆ ದೊಡ್ಡವರ ಕಾಟವಿಲ್ಲದ ಕಡೆ ಹೋಗಿ ಬದುಕೋಣ ಎಂದು ಇಬ್ಬರು ಓರ್ಕ್‌ಗಳು ಮಾತಾಡಿಕೊಳ್ಳುವುದನ್ನು ಸ್ಯಾಮ್ ಕದ್ದು ಕೇಳುತ್ತಾನೆ. ಸೋಮ್ ಕಂದಕದ ಯಾವ ಸಿಪಾಯಿಯೂ ಆಡಬಹುದಾದ ಮಾತು ಅದು. ಔಲೆಯ ಕಥೆಯ ನಿಯಮದಂತೆ, ಹೆದರುವ, ಆಸೆಪಡುವ ಜೀವ ದೇವರಿಂದಲೇ ಬಂದಿರಬೇಕು. ದೇವರಿಂದ ಬಂದದ್ದು ಪೂರ್ತಿ ಕೈಬಿಟ್ಟುಹೋಗುವುದು ಹೇಗೆ? ಕಥೆಯಲ್ಲಿ ಅವರನ್ನು ಸಾವಿರ ಸಾವಿರವಾಗಿ ಕೊಲ್ಲುತ್ತಾರಲ್ಲ, ಅದು ಸರಿಯೇ?

1954ರಲ್ಲಿ ಆಕ್ಸ್‌ಫರ್ಡಿನ ಕಥೋಲಿಕ ಪುಸ್ತಕದಂಗಡಿಯೊಂದರ ವ್ಯವಸ್ಥಾಪಕರು ಇಂಥ ಪ್ರಶ್ನೆಗಳನ್ನೇ ಎತ್ತಿದರು. ಟೋಲ್ಕಿನ್ ಉದ್ದವಾದ ಉತ್ತರ ಬರೆದು, ತಮ್ಮನ್ನು ತಾವು ಅತಿ ದೊಡ್ಡವರೆಂದು ಭಾವಿಸಿದಂತಾಯಿತೆಂದು ನಾಚಿ ಅಂಚೆಗೆ ಹಾಕಲೇ ಇಲ್ಲ. 1965ರಲ್ಲಿ ಕವಿ ಆಡೆನ್ ಕೇಳಿದಾಗ, ಕಥೆಯನ್ನು ದೇವಶಾಸ್ತ್ರದ ಸೂತ್ರಗಳಿಗೆ ಹೊಂದಿಸಲೇಬೇಕಾದ ಕಟ್ಟುಪಾಡು ತಮಗಿಲ್ಲ, ಆದರೆ ಅದಕ್ಕೆ ವಿರುದ್ಧವಾಗದಿರಲಿ ಎಂಬುದೇ ತಮ್ಮ ಉದ್ದೇಶ ಎಂದು ಉತ್ತರಿಸಿದರು.

ಇಲ್ಲಿ ಒಂದು ಅಹಿತಕರ ಸಂಗತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1958ರ ಒಂದು ಪತ್ರದಲ್ಲಿ ಓರ್ಕ್‌ಗಳ ಮುಖವನ್ನು ವರ್ಣಿಸುವಾಗ ಟೋಲ್ಕಿನ್ ಮಂಗೋಲ್ ಜನರ ಚಹರೆಯ ವಿಕೃತ ರೂಪ ಎಂಬಂತೆ ಬರೆದಿದ್ದಾರೆ. ಏಷ್ಯಾದವರಾದ ನಮಗೆ ಅದನ್ನು ಓದುವಾಗ ಚುಚ್ಚದೆ ಇರದು. ಕಥೆಯಲ್ಲಿ ಶತ್ರುವಿನ ಕಡೆ ಸೇರಿ ಆನೆಗಳ ಮೇಲೆ ಬರುವವರು ಕಂದುಬಣ್ಣದ ದಕ್ಷಿಣದವರೇ. ಅದೇ ವ್ಯಕ್ತಿ 1959ರಲ್ಲಿ ಆಕ್ಸ್‌ಫರ್ಡಿನಿಂದ ನಿವೃತ್ತರಾಗುವಾಗ ಮಾಡಿದ ಭಾಷಣದಲ್ಲಿ, ತಾವು ಹುಟ್ಟಿದ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಮೇಲಿನ ದ್ವೇಷ ತಮ್ಮ ಎಲುಬಿನಲ್ಲೇ ಇದೆ ಎಂದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿದ್ದ ಕ್ರಿಸ್ಟೋಫರ್‌ಗೆ ಬರೆದ ಪತ್ರಗಳಲ್ಲಿ, ನಿಜವಾದ ಯುದ್ಧದಲ್ಲಿ ಓರ್ಕ್‌ಗಳು ಎರಡೂ ಕಡೆ ಇರುತ್ತಾರೆ, ನಮ್ಮ ಕಡೆಯೂ ಬೇಕಾದಷ್ಟಿದ್ದಾರೆ ಎಂದು ಎಚ್ಚರಿಸಿದರು. ಕಥೆಯಲ್ಲೂ, ದಕ್ಷಿಣದ ಆ ಸೈನಿಕನೊಬ್ಬ ಬಾಣ ತಗಲಿ ಸತ್ತು ಸ್ಯಾಮ್‌ನ ಕಾಲ ಬಳಿ ಬೀಳುತ್ತಾನೆ. ಮುಖ ಕಾಣದೆ ಹೋದದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಾನೆ ಸ್ಯಾಮ್. ಇವನ ಹೆಸರೇನೋ, ನಿಜವಾಗಿ ಕೆಟ್ಟವನಾಗಿದ್ದನೋ, ಯಾವ ಸುಳ್ಳು ಹೇಳಿ ಇವನನ್ನು ಮನೆಯಿಂದ ಇಷ್ಟು ದೂರ ಕರೆತಂದರೋ ಎಂದು ಯೋಚಿಸುತ್ತಾನೆ. ಚಲನಚಿತ್ರದಲ್ಲಿ ಈ ಮಾತು ಬೇರೊಬ್ಬ ಪಾತ್ರದ ಪಾಲಾಗಿದೆ. ತೋಟದ ಆಳಿನ ಮನಸ್ಸಿನಲ್ಲಿ ಅದು ಹುಟ್ಟಿದ್ದೇ ನನಗೆ ಹೆಚ್ಚು ಇಷ್ಟ.

ಮುಪ್ಪಿನಲ್ಲಿ ಟೋಲ್ಕಿನ್ ಮೊದಲಿನಂತೆಯೇ ಬಲಿಪೂಜೆಗೆ ಹೋಗುತ್ತಿದ್ದರು. ಪೂಜೆ ಇಂಗ್ಲಿಷಿಗೆ ಬದಲಾದ ಮೇಲೆ ಸಭೆಯೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಇವರು ಗಟ್ಟಿಯಾಗಿ ಲ್ಯಾಟಿನ್‌ನಲ್ಲೇ ಉತ್ತರಿಸುತ್ತಿದ್ದರು. ಪಕ್ಕದಲ್ಲಿ ನಿಂತ ಮೊಮ್ಮಗನಿಗೆ ನಾಚಿಕೆಯೋ ನಾಚಿಕೆ. 1971ರ ನವೆಂಬರಿನಲ್ಲಿ ಈಡಿತ್ ತೀರಿಕೊಂಡರು. 1973ರ ಸೆಪ್ಟೆಂಬರ್ 2ರಂದು 81ನೇ ವಯಸ್ಸಿನಲ್ಲಿ ಟೋಲ್ಕಿನ್ ಆಕೆಯನ್ನು ಹಿಂಬಾಲಿಸಿದರು. ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ಸ್ಮಶಾನದ ಒಂದೇ ಸಮಾಧಿಯಲ್ಲಿ ಇಬ್ಬರೂ ಇದ್ದಾರೆ. ಕಲ್ಲಿನ ಮೇಲೆ ಆಕೆಯ ಹೆಸರಿನ ಕೆಳಗೆ ಲೂಥಿಯೆನ್ ಎಂದೂ ಅವರ ಹೆಸರಿನ ಕೆಳಗೆ ಬೆರೆನ್ ಎಂದೂ ಕೆತ್ತಿದೆ.

ಓರ್ಕ್‌ಗಳ ಲೆಕ್ಕ ಮಾತ್ರ ಬಗೆಹರಿದಿರಲಿಲ್ಲ. ಪೆಟ್ಟಿಗೆಗಳಲ್ಲಿ ಉಳಿದಿದ್ದ ಟಿಪ್ಪಣಿಗಳನ್ನು ಕ್ರಿಸ್ಟೋಫರ್ 1993ರಲ್ಲಿ ಪ್ರಕಟಿಸಿದರು. ಒಂದರ ಮೇಲೊಂದು ತಿದ್ದಿದ, ಒಂದನ್ನೊಂದು ಅಲ್ಲಗಳೆಯುವ ಹಾಳೆಗಳು ಅವು. ಅವುಗಳಲ್ಲಿ ಒಂದು ಕಡೆ, ತಮ್ಮ ಲೋಕದ ಜ್ಞಾನಿಗಳು ಏನು ಬೋಧಿಸುತ್ತಿದ್ದರು ಎಂದು ಟೋಲ್ಕಿನ್ ಬರೆದಿದ್ದಾರೆ. ಓರ್ಕ್‌ಗಳೊಂದಿಗೆ ಕಠಿಣವಾಗಿಯೇ ಹೋರಾಡಬೇಕು, ಆದರೆ ಅವರ ಕ್ರೌರ್ಯವನ್ನು ನಾವು ಎತ್ತಿಕೊಳ್ಳಬಾರದು. ಸೆರೆಸಿಕ್ಕವರನ್ನು, ನಮ್ಮ ಮನೆಗಳನ್ನು ಉಳಿಸುವ ಗುಟ್ಟು ಹೊರಗೆಡವಲೆಂದೇ ಆದರೂ, ಹಿಂಸಿಸಬಾರದು. ಯಾವ ಓರ್ಕ್ ಆದರೂ ಶರಣಾಗಿ ದಯೆ ಬೇಡಿದರೆ ಅದನ್ನು ಕೊಡಲೇಬೇಕು, ನಮಗೆ ನಷ್ಟವಾದರೂ ಸರಿ. ಅದರ ಜೊತೆಗೇ, ಯುದ್ಧದ ಭೀಕರತೆಯಲ್ಲಿ ಈ ಬೋಧನೆಯನ್ನು ಎಲ್ಲರೂ ಯಾವಾಗಲೂ ಪಾಲಿಸಲಿಲ್ಲ ಎಂದೂ, ಸೋಮ್ ಕಂದಕಗಳನ್ನು ಕಂಡಿದ್ದ ಆ ಮುದುಕರು ಸೇರಿಸಿದ್ದಾರೆ.